ಉಪಮೇಯ ಕಳೆದುಹೋದ ನಾಡಿನ ರೂಪಕಗಳು

ಯಾಫಾ ಪಟ್ಟಣದ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಸುತ್ತ ಕುಸಿದ ಮನೆಗಳ ಕಲ್ಲುಮಣ್ಣು, ನಡುನಡುವೆ ಮುಳ್ಳು. ಅವಳು ತನ್ನ ಎರಡು ಕಣ್ಣುಗಳಿಗೆ ಹೇಳುತ್ತಾಳೆ: “ಕಣ್ಣುಗಳೇ, ನಿಲ್ಲಿ, ಅಳೋಣ.” ಪ್ಯಾಲೆಸ್ಟೀನಿನ ನಾಬ್ಲುಸ್ ಊರಿನ ಕವಯಿತ್ರಿ ಫದ್ವಾ ತೂಕಾನ್ 1968ರಲ್ಲಿ ಬರೆದ ‘ನಾನು ಅಳುವುದಿಲ್ಲ’ ಎಂಬ ಕವಿತೆ ಶುರುವಾಗುವುದು ಹೀಗೆ.

ಕನ್ನಡದಲ್ಲಿ ಓದಿದರೆ ಇದು ದುಃಖದಲ್ಲಿರುವವರು ಆಡುವ ಸಹಜವಾದ ಮಾತು. ಅರಬಿ ಬಲ್ಲವರಿಗೆ ಮಾತ್ರ ಇಲ್ಲಿ ಮೈ ಜುಮ್ಮೆನ್ನುತ್ತದೆ. ‘ಕಿಫಾ ನಬ್ಕಿ’ ಎಂಬ ಆ ಎರಡು ಪದಗಳು ಆರನೆಯ ಶತಮಾನದ ಕವಿ ಇಮ್ರುಲ್ ಕೈಸನ ಮಹಾಗೀತದ ಮೊದಲ ಎರಡು ಪದಗಳು. ಅರಬಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ಮರಳುಗಾಡಿನಲ್ಲಿ ಹೊರಟ ಕವಿ ತನ್ನ ಪ್ರೇಯಸಿಯ ಕುಲದವರು ಬಿಟ್ಟುಹೋದ ಬೀಡಿನ ಬಳಿಗೆ ಬರುತ್ತಾನೆ. ಒಲೆಯ ಕಲ್ಲು, ಗುಡಾರದ ಗುರುತು ಮಾತ್ರ ಉಳಿದಿವೆ. ಜೊತೆಗಿದ್ದ ಇಬ್ಬರು ಸಂಗಾತಿಗಳಿಗೆ ‘ನಿಲ್ಲಿ, ಅಳೋಣ’ ಎನ್ನುತ್ತಾನೆ. ಅರಬಿಯಲ್ಲಿ ಸಂಸ್ಕೃತದ ಹಾಗೆ ದ್ವಿವಚನವಿದೆ. ‘ಕಿಫಾ’ ಎಂದರೆ ‘ನೀವಿಬ್ಬರೂ ನಿಲ್ಲಿ’. ಫದ್ವಾ ಆ ದ್ವಿವಚನವನ್ನು ಹಾಗೆಯೇ ಎತ್ತಿಕೊಂಡು ತನ್ನ ಎರಡು ಕಣ್ಣುಗಳಿಗೆ ತೊಡಿಸಿದರು. ವ್ಯಾಕರಣ ಕೂದಲೆಳೆಯಷ್ಟೂ ಕದಲಲಿಲ್ಲ, ಆದರೆ ಸಂಗಾತಿಗಳು ಮಾಯವಾದರು. ಅಳಲು ಜೊತೆಗಿರುವವು ತನ್ನ ಕಣ್ಣುಗಳೆರಡೇ.

ಇಮ್ರುಲ್ ಕೈಸನ ಕಾಲದಲ್ಲಿ ಬೀಡು ಬಿಟ್ಟುಹೋದವರು ಮೇವು ನೀರು ಅರಸಿ ಹೋಗುವ ಅಲೆಮಾರಿಗಳು. ಮಳೆ ಬಂದರೆ ಮರಳಿ ಬರಬಹುದು. ಯಾಫಾದ ಜನರನ್ನು 1948ರಲ್ಲಿ ಯುದ್ಧ ಓಡಿಸಿತು, ಮರಳಲು ಬಿಡಲಿಲ್ಲ. ಹದಿನಾಲ್ಕು ಶತಮಾನಗಳಿಂದ ಕವಿಸಮಯವಾಗಿದ್ದ ಪಾಳುಬೀಡು ಫದ್ವಾ ಕಾಲಿಗೆ ನಿಜವಾದ ಇಟ್ಟಿಗೆ ಚೂರಾಗಿ ತಗುಲಿತು. ಕವಿತೆ ಮುಂದುವರಿದಂತೆ ಆಕೆ ರೆಪ್ಪೆಯ ಕಣ್ಣೀರು ಒರೆಸಿಕೊಳ್ಳುತ್ತಾರೆ. ಅಲ್ಲೇ ಉಳಿದು ಬರೆಯುತ್ತಿದ್ದ ಕಿರಿಯ ಕವಿಗಳ ಮುಂದೆ ಒದ್ದೆ ಕಣ್ಣಿನಿಂದ ನಿಲ್ಲುವುದು ನಾಚಿಕೆಗೇಡು ಎನ್ನುತ್ತಾರೆ. ಪರಂಪರೆಯ ಬಾಯಿಂದ ‘ಅಳೋಣ’ ಎನಿಸಿ, ತನ್ನ ಬಾಯಿಂದ ‘ಅಳುವುದಿಲ್ಲ’ ಎಂದು ಮುಗಿಸುತ್ತಾರೆ.

ಪ್ಯಾಲೆಸ್ಟೀನಿನ ಕಾವ್ಯ ‘ಪ್ರತಿರೋಧದ ಕಾವ್ಯ’ ಎಂಬ ಮಾತು ನಮ್ಮಲ್ಲೂ ಬಳಕೆಯಲ್ಲಿದೆ. ಆ ಮಾತು ಕೇಳಿದ ಕೂಡಲೇ ಎತ್ತಿದ ಮುಷ್ಟಿ, ಘೋಷಣೆ, ರಕ್ತ ಎಂದೆಲ್ಲ ಕಣ್ಣಿಗೆ ಬರುತ್ತದೆ. ಅಂಥ ಪದ್ಯಗಳೂ ಇವೆ, ಬೇಕಾದಷ್ಟಿವೆ. ಆದರೆ ಈ ಕಾವ್ಯದ ನಿಜವಾದ ಬಲ ಇರುವುದು ಮೇಲೆ ನೋಡಿದಂಥ ಕಡೆ, ಒಂದು ದ್ವಿವಚನ ಪ್ರತ್ಯಯದಲ್ಲಿ, ಒಂದು ಧಾತುವಿನಲ್ಲಿ, ಒಂದು ಮನೆಬಳಕೆಯ ಪದಾರ್ಥದ ಹೆಸರಿನಲ್ಲಿ.

ಶಾಲೆಯಲ್ಲಿ ನಾವು ಕಲಿತ ಸೂತ್ರ ನೆನಪಿರಬಹುದು: ಉಪಮಾನ ಉಪಮೇಯಗಳೆರಡೂ ಒಂದೇ ಎಂದು ಭೇದವಿಲ್ಲದೆ ವರ್ಣಿಸಿದರೆ ರೂಪಕಾಲಂಕಾರ. ‘ಮುಖಕಮಲ’ ಎಂದರೆ ಮುಖ ಉಪಮೇಯ, ಕಮಲ ಉಪಮಾನ. ಮುಖ ಕಣ್ಣೆದುರಿಗೇ ಇದೆ ಎಂಬ ಭರವಸೆಯ ಮೇಲೆ ಈ ಅಲಂಕಾರ ನಿಂತಿದೆ. ಕಮಲವನ್ನು ತೆಗೆದರೂ ಮುಖ ಉಳಿಯುತ್ತದೆ, ಆದ್ದರಿಂದಲೇ ಅದು ಆಭರಣ. ಪ್ಯಾಲೆಸ್ಟೀನಿನ ಕವಿಗೆ ಈ ಭರವಸೆ ತಪ್ಪಿಹೋಯಿತು. ಊರೇ ಉಪಮೇಯ, ಆ ಊರು ನೆಲಸಮವಾಗಿದೆ, ಭೂಪಟದಲ್ಲಿ ಅದರ ಹೆಸರು ಬದಲಾಗಿದೆ. ಕೈಯಲ್ಲಿ ಉಳಿದಿರುವುದು ಉಪಮಾನಗಳು ಮಾತ್ರ: ಬೀಗದ ಕೈ, ಕಳ್ಳಿಬೇಲಿ, ಕುದುರೆ, ಅಮ್ಮನ ರೊಟ್ಟಿ. ಅವುಗಳನ್ನು ತೆಗೆದರೆ ಏನೂ ಉಳಿಯುವುದಿಲ್ಲ. ಹಾಗಾಗಿ ಅಲ್ಲಿ ರೂಪಕ ಆಭರಣದ ಕೆಲಸ ಬಿಟ್ಟು ದಸ್ತಾವೇಜಿನ ಕೆಲಸಕ್ಕೆ ನಿಂತಿತು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಅದು ಹೇಗೆಂದು ತೋರಿಸಲು ಕೆಲವು ಸಾಲುಗಳನ್ನು ಹತ್ತಿರದಿಂದ ನೋಡಬೇಕು.

ಹಿನ್ನೆಲೆ ಚುಟುಕಾಗಿ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಯುದ್ಧದ ಹೊತ್ತಿಗೆ 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆ ತೊರೆಯಬೇಕಾಯಿತು, 400ಕ್ಕೂ ಹೆಚ್ಚು ಹಳ್ಳಿಗಳು ಬರಿದಾದವು. ಅವರು ಅದನ್ನು ‘ನಕ್ಬಾ’, ಮಹಾವಿಪತ್ತು ಎನ್ನುತ್ತಾರೆ. ಇಸ್ರೇಲಿನ ಗಡಿಯೊಳಗೇ ಉಳಿದ ಸುಮಾರು ಒಂದೂವರೆ ಲಕ್ಷ ಅರಬರು 1966ರ ಕೊನೆಯವರೆಗೆ ಸೇನಾ ಆಡಳಿತದಲ್ಲಿ ಬದುಕಿದರು. ಪಕ್ಕದ ಊರಿಗೆ ಹೋಗಲೂ ಪರವಾನಗಿ ಬೇಕಿತ್ತು. ಸುತ್ತಲಿನ ಅರಬ್ ದೇಶಗಳ ಪುಸ್ತಕ, ಪತ್ರಿಕೆಗಳ ಸಂಪರ್ಕ ಕಡಿದುಹೋಗಿತ್ತು. ಓದಿದವರಲ್ಲಿ ಹೆಚ್ಚಿನವರು ದೇಶಭ್ರಷ್ಟರಾಗಿದ್ದರು. ಅಂಥ ಹೊತ್ತಿನಲ್ಲಿ ಹಳ್ಳಿಗಳ ಬಯಲುಗಳಲ್ಲಿ ಕವಿಗೋಷ್ಠಿಗಳು ಹುಟ್ಟಿಕೊಂಡವು. ಅರಬಿ ಪದ್ಯ ಬಾಯಿಂದ ಬಾಯಿಗೆ ಹೋಗಲು ಅಚ್ಚಿನ ಯಂತ್ರದ ಹಂಗಿಲ್ಲ. ಒಮ್ಮೆ ಕೇಳಿದವನು ಮನೆಗೆ ಹೋಗಿ ಹತ್ತು ಜನರಿಗೆ ಹೇಳಬಹುದು. ಮಹಮೂದ್ ದರ್ವೀಶ್, ಸಮೀಹ್ ಅಲ್ ಕಾಸಿಮ್, ತೌಫೀಕ್ ಜಯ್ಯಾದ್ ಬೆಳೆದದ್ದು ಈ ಬಯಲುಗಳಲ್ಲಿ. ಪರವಾನಗಿಯಿಲ್ಲದೆ ಪದ್ಯ ಓದಲು ಬೇರೆ ಊರಿಗೆ ಹೋದದ್ದಕ್ಕೆ ದರ್ವೀಶ್ ಜೈಲು ಕಂಡರು. ಇವರನ್ನು ಹೊರಗಿನ ಅರಬ್ ಜಗತ್ತಿಗೆ ಪರಿಚಯಿಸಿ, ‘ಪ್ರತಿರೋಧ ಸಾಹಿತ್ಯ’ ಎಂಬ ಹೆಸರನ್ನು ನೆಲೆಗೊಳಿಸಿದವರು ಕಥೆಗಾರ ಗಸ್ಸಾನ್ ಕನಫಾನಿ, 1966ರ ಒಂದು ಅಧ್ಯಯನದಲ್ಲಿ. 1972ರ ಜುಲೈ 8ರಂದು ಬೈರುತ್‌ನಲ್ಲಿ ಕಾರಿನಲ್ಲಿಟ್ಟ ಬಾಂಬಿಗೆ ಅವರು ಬಲಿಯಾದರು.

ದರ್ವೀಶ್ ಬಾಲ್ಯದ ಒಂದು ಘಟನೆಯನ್ನು ಮುಂದೆ ಹೇಳಿಕೊಂಡಿದ್ದರು. ಶಾಲೆಯಲ್ಲಿ ಇಸ್ರೇಲಿನ ಸ್ವಾತಂತ್ರ್ಯೋತ್ಸವ. ಪುಟ್ಟ ಹುಡುಗ ವೇದಿಕೆ ಹತ್ತಿ ತಾನೇ ಬರೆದ ಪದ್ಯ ಓದಿದ. ಅದು ಒಬ್ಬ ಯಹೂದಿ ಹುಡುಗನಿಗೆ ಹೇಳಿದ ಮಾತು: ನಿನಗೆ ಮನೆಯಿದೆ, ನನಗಿಲ್ಲ, ನಿನಗೆ ಹಬ್ಬವಿದೆ, ನನಗಿಲ್ಲ, ನಾವಿಬ್ಬರೂ ಸೇರಿ ಯಾಕೆ ಆಡಬಾರದು? ಮರುದಿನ ಸೇನಾ ಆಡಳಿತಾಧಿಕಾರಿ ಕರೆಸಿ ಗದರಿಸಿದ. ಇಂಥದ್ದನ್ನು ಇನ್ನೂ ಬರೆದರೆ ನಿನ್ನ ಅಪ್ಪನಿಗೆ ಕಲ್ಲುಗಣಿಯ ಕೆಲಸ ತಪ್ಪಿಸುತ್ತೇನೆ ಎಂದ.

ಈಗ 1964ರ ‘ಗುರುತಿನ ಚೀಟಿ’ ಕವಿತೆಗೆ ಬನ್ನಿ. “ಬರೆದುಕೋ, ನಾನು ಅರಬ” ಎಂದು ಅದು ಆರಂಭವಾಗುತ್ತದೆ. ಚೀಟಿಯ ಸಂಖ್ಯೆ ಐವತ್ತು ಸಾವಿರ, ಮಕ್ಕಳು ಎಂಟು, ಒಂಬತ್ತನೆಯದು ಬೇಸಿಗೆ ಕಳೆದ ಮೇಲೆ ಬರಲಿದೆ. ಕೆಲಸ? ದುಡಿಯುವ ಸಂಗಾತಿಗಳ ಜೊತೆ ಕಲ್ಲುಗಣಿಯಲ್ಲಿ. ಅಧಿಕಾರಿ ಬೆದರಿಕೆಗೆ ಬಳಸಿದ ಅದೇ ಕಲ್ಲುಗಣಿ ಪದ್ಯದೊಳಗೆ ಮಕ್ಕಳಿಗೆ ರೊಟ್ಟಿ, ಬಟ್ಟೆ, ನೋಟ್‌ಪುಸ್ತಕ ಹೊರಬರುವ ಜಾಗವಾಗಿದೆ.

ಈ ಕವಿತೆಯಲ್ಲಿ ಹೇಳಿಕೊಳ್ಳುವಂಥ ರೂಪಕಗಳೇ ಇಲ್ಲ. ಇಡೀ ಪದ್ಯವೇ ಒಂದು ಸರ್ಕಾರಿ ನಮೂನೆ. ಹೆಸರು, ಸಂಖ್ಯೆ, ಮಕ್ಕಳು, ವೃತ್ತಿ, ಕೂದಲಿನ ಬಣ್ಣ, ವಿಳಾಸ. ಕಿಟಕಿಯ ಆಚೆ ಕುಳಿತ ಗುಮಾಸ್ತ ಕೇಳುವುದು, ಈಚೆ ನಿಂತವನು ತಲೆತಗ್ಗಿಸಿ ಉತ್ತರಿಸುವುದು ಕಚೇರಿಯ ಕ್ರಮ. ದರ್ವೀಶ್ ಅದನ್ನು ಒಂದೇ ಕ್ರಿಯಾಪದದಿಂದ ಮಗುಚಿದರು. ‘ಸಜ್ಜಿಲ್’, ಅಂದರೆ ‘ಬರೆದುಕೋ’, ಆಜ್ಞಾರ್ಥಕ. ಆಜ್ಞೆ ಕೊಡುತ್ತಿರುವವನು ಈಚೆ ನಿಂತವನು. ದರ್ವೀಶರೇ ಹೇಳಿದಂತೆ ಆ ಮಾತನ್ನು ಅವರು ಮೊದಲು ಒಬ್ಬ ಸರ್ಕಾರಿ ನೌಕರನಿಗೆ ಹೀಬ್ರೂವಿನಲ್ಲಿ ಹೇಳಿದ್ದರು. ಅದನ್ನೇ ಅರಬಿಯಲ್ಲಿ ಪದ್ಯವಾಗಿ ನಜರೆತ್‌ನಲ್ಲಿ ಓದಿದಾಗ ಸಭೆಗೆ ಮಿಂಚು ಹೊಡೆದಂತಾಯಿತು. ಮುಂದೆ ದೇಶ ಬಿಟ್ಟು ಹೊರಗೆ ಹೋದ ಮೇಲೆ ಅರಬ್ ಊರುಗಳ ಸಭಿಕರು ಈ ಪದ್ಯಕ್ಕಾಗಿ ಕೂಗಿದಾಗ ಅವರು ಓದಲು ಒಪ್ಪುತ್ತಿರಲಿಲ್ಲ. ಇದರಲ್ಲಿ ಕವಿಯ ಬಿಗುಮಾನ ಹುಡುಕಬೇಕಾಗಿಲ್ಲ. ಆ ವಾಕ್ಯ ಗುಮಾಸ್ತನ ಮುಂದೆ ಹೇಳಿದಾಗ ಮಾತ್ರ ಪ್ರತಿರೋಧ. ಅರಬರ ಮುಂದೆ ‘ನಾನು ಅರಬ’ ಎಂದರೆ ಅದು ಬರೀ ಜಂಬ. ಭಾಷೆ ಯಾರ ಕಡೆಗೆ ಮುಖ ಮಾಡಿ ನಿಂತಿದೆ ಎಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. 2016ರಲ್ಲಿ ಇಸ್ರೇಲಿನ ಸೇನಾ ರೇಡಿಯೋ ಒಂದು ಶೈಕ್ಷಣಿಕ ಕಾರ್ಯಕ್ರಮದಲ್ಲಿ ಇದೇ ಪದ್ಯವನ್ನು ಚರ್ಚಿಸಿದಾಗ ರಕ್ಷಣಾ ಸಚಿವರು ಕೇಂದ್ರದ ಮುಖ್ಯಸ್ಥರನ್ನು ಕರೆಸಿ ಪ್ರಶ್ನಿಸಿದರು. ಅರ್ಧ ಶತಮಾನ ಕಳೆದರೂ ಆ ಕಿಟಕಿಯ ಆಚೆಗೆ ಪದ್ಯ ಕೇಳಿಸುತ್ತಿದೆ ಎಂದಾಯಿತು.

ಇಲ್ಲಿಂದ ಮುಂದೆ ಅರಬಿಯ ಕೆಲವು ಪದಗಳು ಬೇಕಾಗುತ್ತವೆ. ಅವು ಕನ್ನಡಿಗರಿಗೆ ಅಪರಿಚಿತವಲ್ಲ, ಪಾರಸಿ, ಉರ್ದು, ಮರಾಠಿಗಳ ದಾರಿ ಹಿಡಿದು ನಮ್ಮ ಬಾಯಿಗೂ ಬಂದಿವೆ. ‘ಹಾಜರು’, ‘ಗಾಯಬ್’, ‘ಸಬೂರಿ’, ‘ವತನ’. ಪಟೇಲಿಕೆಯ ವತನ, ಕುಲಕರ್ಣಿಕೆಯ ವತನ ಎಂದು ನಾವು ಜಮೀನಿನ ಹಕ್ಕಿಗೆ ಬಳಸಿದ ಪದ ಅರಬಿಯಲ್ಲಿ ‘ವತನ್’, ತಾಯ್ನಾಡು. ಎಲ್ಲ ಮಾತುಗಳನ್ನೂ ಕಲಿತು, ಅವನ್ನೆಲ್ಲ ಬಿಡಿಸಿ, ಒಂದೇ ಒಂದು ಪದ ಕಟ್ಟಿದೆ, ಅದು ‘ವತನ್’ ಎಂದು ದರ್ವೀಶರ ಒಂದು ಕವಿತೆ ಮುಗಿಯುತ್ತದೆ.

ಹಾಜರು ಮತ್ತು ಗಾಯಬ್ ಪದಗಳ ಕತೆ ಇನ್ನೂ ಆಳವಾದದ್ದು. ದರ್ವೀಶ್ ಹುಟ್ಟಿದ್ದು 1941ರಲ್ಲಿ, ಅಕ್ಕಾ ಪಟ್ಟಣದ ಹತ್ತಿರದ ಅಲ್ ಬಿರ್ವಾ ಎಂಬ ಹಳ್ಳಿಯಲ್ಲಿ. 1948ರಲ್ಲಿ ಕುಟುಂಬ ಲೆಬನಾನಿಗೆ ಓಡಿತು. ವರ್ಷ ಕಳೆದು ಕದ್ದುಮುಚ್ಚಿ ಮರಳಿದಾಗ ಊರು ಇರಲಿಲ್ಲ. ಅದರ ನೆಲದ ಮೇಲೆ ಯಸೂರ್, ಅಹಿಹೂದ್ ಎಂಬ ಹೊಸ ನೆಲೆಗಳು ಎದ್ದವು. ಅಷ್ಟರಲ್ಲಿ ಜನಗಣತಿ ಮುಗಿದುಹೋಗಿದ್ದರಿಂದ ಪಟ್ಟಿಯಲ್ಲಿ ಇವರ ಹೆಸರೂ ಇರಲಿಲ್ಲ. 1950ರ ‘ಗೈರುಹಾಜರಾದವರ ಆಸ್ತಿ’ ಕಾನೂನಿನ ಪ್ರಕಾರ, ನಿಗದಿತ ಅವಧಿಯಲ್ಲಿ ತಮ್ಮ ಊರಿನಲ್ಲಿ ಇಲ್ಲದಿದ್ದವರ ಆಸ್ತಿ ಸರ್ಕಾರದ ಪಾಲಕನ ವಶಕ್ಕೆ ಹೋಯಿತು. ಆಮೇಲೆ ದೇಶದೊಳಗೇ ಇದ್ದರೂ ಅಷ್ಟೇ. ಇಂಥವರಿಗೆ ಒಂದು ಹೆಸರೂ ಹುಟ್ಟಿತು: ‘ಹಾಜರಿರುವ ಗೈರುಹಾಜರಿಗಳು’. ಅರಬಿಯಲ್ಲಿ ‘ಹಾದಿರ್ ಗಾಯಿಬ್’.

ವಿರೋಧಾಭಾಸ ಅಲಂಕಾರವನ್ನು ಒಂದು ಕಾನೂನು ಬರೆದುಬಿಟ್ಟರೆ ಕವಿ ಏನು ಮಾಡಬೇಕು? ದರ್ವೀಶ್ ಜೀವನಪೂರ್ತಿ ಆ ಎರಡು ಪದಗಳನ್ನು ಬಿಡಲಿಲ್ಲ. 2006ರಲ್ಲಿ, ಸಾಯುವ ಎರಡು ವರ್ಷ ಮೊದಲು ಬಂದ ಆತ್ಮಕಥನಕ್ಕೆ ಅವರಿಟ್ಟ ಹೆಸರು ‘ಫೀ ಹದ್ರತಿಲ್ ಗಿಯಾಬ್’, ಗೈರುಹಾಜರಿಯ ಸನ್ನಿಧಿಯಲ್ಲಿ ಎಂದು ಹೇಳಬಹುದು. ‘ಹಜರತ್’ ಎಂದು ನಾವು ಸಂತರನ್ನು ಕರೆಯುವ ಪದವೇ ಆ ‘ಹದ್ರತ್’. ಆಸ್ತಿ ಕಸಿದುಕೊಂಡ ಕಾನೂನಿನ ಪರಿಭಾಷೆ ಇಲ್ಲಿ ಸನ್ನಿಧಾನದ ಗೌರವಕ್ಕೆ ಏರಿದೆ.

ಗಾಯಬ್ ಪದದ ಧಾತು ಇನ್ನೊಂದು ಕಡೆಯೂ ಬರುತ್ತದೆ. 1995ರ ಸಂಕಲನದಲ್ಲಿರುವ ‘ಕಳ್ಳಿಯ ಅನಂತತೆ’ ಎಂಬ ಕವಿತೆ ನನಗೆ ಬಹಳ ಪ್ರಿಯವಾದದ್ದು. ಅಪ್ಪ ಮಗ ಇಬ್ಬರೂ ರಾತ್ರಿ ಊರು ಬಿಟ್ಟು ಹೋಗುತ್ತಿದ್ದಾರೆ. ಎಲ್ಲಿಗೆ ಕರೆದೊಯ್ಯುತ್ತೀಯ ಎಂದು ಮಗ ಕೇಳುತ್ತಾನೆ. ಗಾಳಿ ಬೀಸುವ ಕಡೆಗೆ ಎನ್ನುತ್ತಾನೆ ಅಪ್ಪ. ತನ್ನ ಕೈಕಾಲು ನೆಟ್ಟಗಿವೆಯೇ ಎಂದು ತಡವಿಕೊಳ್ಳುವ ಹಾಗೆ ಮನೆಯ ಬೀಗದ ಕೈಯನ್ನು ತಡವಿಕೊಂಡು ಸಮಾಧಾನಪಡುತ್ತಾನೆ. ಮಗ ಕೇಳುತ್ತಾನೆ, ಕುದುರೆಯನ್ನು ಒಂಟಿಯಾಗಿ ಯಾಕೆ ಬಿಟ್ಟುಬಂದೆ? ಅಪ್ಪ ಹೇಳುತ್ತಾನೆ:

“ಮನೆಗೆ ಜೊತೆಯಿರಲಿ ಎಂದು, ಮಗನೇ. ಇರುವವರು ಇಲ್ಲವಾದರೆ ಮನೆಗಳು ಸಾಯುತ್ತವೆ.”

‘ಇಲ್ಲವಾದರೆ’ ಎಂದು ನಾನು ಬರೆದ ಕಡೆ ಅರಬಿಯಲ್ಲಿರುವುದು ‘ಗಾಬ’, ಗಾಯಬ್ ಆದರೆ. ಅದೇ ಗ-ಯ-ಬ ಧಾತು, ಕಾನೂನಿನ ಗೈರುಹಾಜರಿಯ ಧಾತು. ಕಾನೂನು ಹೇಳಿತು, ನೀನು ಗೈರುಹಾಜರು, ಆದ್ದರಿಂದ ಮನೆ ನಿನ್ನದಲ್ಲ. ಅಪ್ಪ ಹೇಳುತ್ತಾನೆ, ನಾವು ಗೈರುಹಾಜರಾದರೆ ಸಾಯುವುದು ಮನೆ, ಅದಕ್ಕೇ ಕುದುರೆಯನ್ನು ಕಾವಲಿಟ್ಟಿದ್ದೇನೆ. ಒಂದೇ ಪದವನ್ನು ಕಂದಾಯ ಇಲಾಖೆಯ ಕೈಯಿಂದ ಬಿಡಿಸಿ ಹಟ್ಟಿಗೆ ತಂದದ್ದು ಹೀಗೆ. ಅನುವಾದದಲ್ಲಿ ಇದು ಕೈಜಾರಿ ಹೋಗುತ್ತದೆ. ಅದಕ್ಕೇ ಬಿಡಿಸಿ ಹೇಳಿದೆ.

ಇನ್ನು ಕಳ್ಳಿ. ನಮ್ಮ ಹೊಲದ ಬದುಗಳಲ್ಲೂ ಇರುವ ಪಾಪಾಸುಕಳ್ಳಿಯೇ ಅದು. ಪ್ಯಾಲೆಸ್ಟೀನಿನ ಹಳ್ಳಿಗಳಲ್ಲಿ ತೋಟಕ್ಕೆ, ಮನೆಗೆ ಅದರದೇ ಬೇಲಿ. ಮೂಲತಃ ಅಮೆರಿಕ ಖಂಡಗಳ ಗಿಡ, ಆದರೆ ಅಲ್ಲಿ ಊರಿನ ಗಿಡವೇ ಆಗಿಬಿಟ್ಟಿದೆ. ಬುಲ್ಡೋಜರ್ ಮನೆಗಳನ್ನು ಕೆಡವಿದ ಮೇಲೂ ಬೇರಿನಿಂದ ಕಳ್ಳಿ ಮತ್ತೆ ಚಿಗುರಿತು. ಈಗಲೂ ಎಷ್ಟೋ ಕಡೆ ಅಳಿದ ಹಳ್ಳಿಯ ಎಲ್ಲೆ ಎಲ್ಲಿತ್ತೆಂದು ತೋರಿಸುವುದು ಸಾಲಾಗಿ ನಿಂತ ಕಳ್ಳಿಯೇ. ಅರಬಿಯಲ್ಲಿ ಅದರ ಹೆಸರು ‘ಸಬ್ಬಾರ್’, ಆಡುಮಾತಿನಲ್ಲಿ ಬರೀ ‘ಸಬ್ರ್’. ತಾಳ್ಮೆಗೂ ಅದೇ ಪದ, ನಮ್ಮ ಸಬೂರಿಯ ಮೂಲ. ಮುಳ್ಳಿರುವ ತಾಳ್ಮೆ ಎಂಬ ರೂಪಕವನ್ನು ಯಾವ ಕವಿಯೂ ಕಟ್ಟಬೇಕಾಗಲಿಲ್ಲ, ಭಾಷೆ ಮೊದಲೇ ಕಟ್ಟಿಟ್ಟಿತ್ತು. ವಿಚಿತ್ರವೆಂದರೆ ಹೀಬ್ರೂವಿನಲ್ಲೂ ಆ ನೆಲದಲ್ಲಿ ಹುಟ್ಟಿದ ಯಹೂದಿಯನ್ನು ಇದೇ ಗಿಡದ ಹೆಸರಿನಿಂದ ‘ಸಬ್ರಾ’ ಎನ್ನುತ್ತಾರೆ, ಹೊರಗೆ ಮುಳ್ಳು ಒಳಗೆ ಸಿಹಿ ಎಂದು. ಒಂದೇ ಗಿಡಕ್ಕೆ ಎರಡು ಭಾಷೆಗಳ ಹಕ್ಕುಸಾಧನೆ. ದರ್ವೀಶರ ಕವಿತೆಯ ಅಪ್ಪ ಮಗನಿಗೆ ಇನ್ನೊಂದು ಹಳೆಯ ಲೆಕ್ಕ ನೆನಪಿಸುತ್ತಾನೆ: ಇಲ್ಲಿ ಇಂಗ್ಲಿಷರು ನಿನ್ನ ಅಪ್ಪನನ್ನು ಎರಡು ರಾತ್ರಿ ಕಳ್ಳಿಮುಳ್ಳಿನ ಮೇಲೆ ಶಿಲುಬೆಗೇರಿಸಿದರು, ಅವನು ಬಾಯಿ ಬಿಡಲಿಲ್ಲ. ತೌಫೀಕ್ ಜಯ್ಯಾದರ ‘ಇಲ್ಲೇ ಉಳಿಯುತ್ತೇವೆ’ ಪದ್ಯದಲ್ಲಿ ಅದೇ ಕಳ್ಳಿ ಗಾಜಿನ ಚೂರಿನ ಜೊತೆ ದಬ್ಬಾಳಿಕೆಯವರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಜಯ್ಯಾದ್ 1975ರಿಂದ ಸಾಯುವವರೆಗೆ ನಜರೆತ್‌ನ ಮೇಯರ್ ಆಗಿದ್ದವರು. ಗಂಟಲಲ್ಲಿ ಸಿಕ್ಕಿಕೊಂಡು ಉಳಿಯುವುದೆಂದರೇನೆಂದು ದಿನನಿತ್ಯದ ಆಡಳಿತದಲ್ಲೇ ತೋರಿಸಿದವರು.

ಮನೆಯ ವಿಷಯದಲ್ಲಿ ಅರಬಿ ಛಂದಸ್ಸೇ ಒಂದು ಬೆರಗನ್ನು ಇಟ್ಟುಕೊಂಡಿದೆ. ‘ಬೈತ್’ ಎಂದರೆ ಮನೆ. ಪದ್ಯದ ಸಾಲಿಗೂ ‘ಬೈತ್’ ಎನ್ನುತ್ತಾರೆ. ಉರ್ದು ಬಲ್ಲವರಿಗೆ ಬೈತ್‌ಬಾಜಿ, ಅಂದರೆ ಪದ್ಯದ ಸಾಲುಗಳ ಅಂತ್ಯಾಕ್ಷರಿ, ಗೊತ್ತಿರುತ್ತದೆ. ಎಂಟನೆಯ ಶತಮಾನದಲ್ಲಿ ಛಂದಶ್ಶಾಸ್ತ್ರ ಕಟ್ಟಿದ ಅಲ್ ಖಲೀಲ್ ಸಾಲಿನ ಭಾಗಗಳಿಗೆಲ್ಲ ಗುಡಾರದ ಹೆಸರುಗಳನ್ನೇ ಕೊಟ್ಟ. ಅರ್ಧ ಸಾಲಿಗೆ ಬಾಗಿಲ ರೆಕ್ಕೆ, ಅಕ್ಷರಗುಂಪುಗಳಿಗೆ ಹಗ್ಗ ಮತ್ತು ಗೂಟ. ಮನೆ ಕಳೆದುಕೊಂಡವನು ಅರಬಿಯಲ್ಲಿ ಒಂದು ಸಾಲು ಬರೆದರೆ, ಭಾಷೆಯ ಲೆಕ್ಕದಲ್ಲಿ ಅವನು ಗೂಟ ಹೊಡೆದು, ಹಗ್ಗ ಬಿಗಿದು, ಬಾಗಿಲು ನಿಲ್ಲಿಸಿದ್ದಾನೆ. ಆದರೆ ಬಹುವಚನಕ್ಕೆ ಬಂದಾಗ ಎರಡೂ ಬೇರೆಯಾಗುತ್ತವೆ. ಮನೆಗಳು ‘ಬುಯೂತ್’, ಸಾಲುಗಳು ‘ಅಬ್ಯಾತ್’. ಒಂದು ಸಾಲು ಒಂದು ಮನೆಯಾಗಬಹುದು. ಸಾಲುಗಳೆಲ್ಲ ಸೇರಿ ಊರಾಗುವುದಿಲ್ಲ ಎಂದು ವ್ಯಾಕರಣವೇ ಎಚ್ಚರಿಸುತ್ತಿದೆಯೇನೋ ಎಂದು ನನಗೆ ಅನ್ನಿಸುತ್ತದೆ.

ರೂಪಕಕ್ಕೆ ಪ್ರಾಮಾಣಿಕತೆ ಬೇಕು, ಕಾಲ ಬದಲಾದಾಗ ಅದೂ ಬದಲಾಗಬೇಕು. ಇದಕ್ಕೆ ‘ಸೂಟ್‌ಕೇಸ್’ ಒಳ್ಳೆಯ ಸಾಕ್ಷಿ. ಫದ್ವಾ ಅವರ ಕವಿತೆಗೆ ಉತ್ತರವಾಗಿ ದರ್ವೀಶ್ ಬರೆದ ‘ಪ್ಯಾಲೆಸ್ಟೀನಿನ ಗಾಯವೊಂದರ ದಿನಚರಿ’ಯಲ್ಲಿ “ನನ್ನ ನಾಡು ಸೂಟ್‌ಕೇಸ್ ಅಲ್ಲ, ನಾನು ಪ್ರಯಾಣಿಕನೂ ಅಲ್ಲ” ಎಂದಿದ್ದರು. ಆಗ ಅವರು ಹೈಫಾದಲ್ಲಿದ್ದರು, ಕಾಲಡಿಯಲ್ಲಿ ನೆಲವಿತ್ತು. ನಂತರ ಮಾಸ್ಕೋ, ಕೈರೋ, ಬೈರುತ್. 1982ರಲ್ಲಿ ಇಸ್ರೇಲಿ ಸೇನೆ ಬೈರುತ್ತನ್ನು ಮುತ್ತಿದಾಗ ಪ್ಯಾಲೆಸ್ಟೀನಿಯರ ಸಂಘಟನೆ ಹಡಗು ಹತ್ತಿ ಅಲ್ಲಿಂದಲೂ ಹೊರಡಬೇಕಾಯಿತು. ಆ ಮುತ್ತಿಗೆಯ ಬಗ್ಗೆ ಬರೆದ ನೀಳ್ಗವಿತೆಯಲ್ಲಿ ಸಾಲು ಬರುತ್ತದೆ: “ನನ್ನ ನಾಡು ಒಂದು ಸೂಟ್‌ಕೇಸ್.” ತಾನೇ ಬರೆದ, ಸಾವಿರಾರು ಜನ ಬಾಯಿಪಾಠ ಮಾಡಿದ ಸಾಲನ್ನು ಹೀಗೆ ತಿರುವಿಹಾಕಲು ಎದೆಗಾರಿಕೆ ಬೇಕು. ಮೊದಲ ಸಾಲು ಸುಳ್ಳಾಗಿರಲಿಲ್ಲ, ಎರಡನೆಯದು ಸೋಲಿನ ಒಪ್ಪಿಗೆಯೂ ಅಲ್ಲ. ಎರಡರ ನಡುವಿನ ಹದಿನಾಲ್ಕು ವರ್ಷಗಳ ಇತಿಹಾಸವನ್ನು ನಾಲ್ಕು ಪದಗಳಲ್ಲಿ ಓದಬಹುದು.

ಈ ಕಾವ್ಯದ ಒಂದು ರೂಪಕದ ಬಗ್ಗೆ ಮಾತ್ರ ನನಗೆ ತಕರಾರಿದೆ. ನೆಲವೇ ಹೆಣ್ಣು, ನಾಡೇ ಪ್ರೇಯಸಿ ಎಂಬುದು. ದರ್ವೀಶರ 1966ರ ‘ಪ್ಯಾಲೆಸ್ಟೀನಿನ ಪ್ರೇಮಿ’ಯಿಂದ ಹಿಡಿದು ಎಷ್ಟೋ ಪದ್ಯಗಳು ಅದರ ಮೇಲೆ ನಿಂತಿವೆ. ಚೆಲುವಾದ ಪದ್ಯಗಳೇ. ಆದರೆ ಹೆಣ್ಣು ನೆಲವಾಗಿಬಿಟ್ಟರೆ ಮಾತಾಡುವವನು ಯಾವಾಗಲೂ ಗಂಡೇ. ಫದ್ವಾ ತೂಕಾನ್ ಚಿಕ್ಕವರಿದ್ದಾಗ ಮನೆಯವರು ಶಾಲೆ ಬಿಡಿಸಿದ್ದರು. ಕವಿಯಾಗಿದ್ದ ಅಣ್ಣ ಇಬ್ರಾಹಿಂ ಮನೆಯಲ್ಲೇ ಪದ್ಯ ಕಲಿಸಿದ. ಅಣ್ಣ ತೀರಿಕೊಂಡ ಮೇಲೆ ತಂದೆ ರಾಜಕೀಯ ಪದ್ಯ ಬರೆಯಲು ಒತ್ತಾಯಿಸಿದರು. ನಾಲ್ಕು ಗೋಡೆಗಳ ನಡುವೆ ಕೂಡಿಹಾಕಿ, ಗಂಡಸರ ಮಾತುಕತೆ ಕೇಳಲೂ ಬಿಡದೆ, ಯಾವ ಹಕ್ಕಿನಿಂದ ಇದನ್ನು ಕೇಳುತ್ತಾರೆ ಎಂದು ಆಕೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಯಾಫಾದ ಬಾಗಿಲಲ್ಲಿ ನಿಂತು ತನ್ನ ಕಣ್ಣುಗಳಿಗೆ ಆಜ್ಞೆ ಕೊಟ್ಟ ಹೆಂಗಸು ಈ ಗೋಡೆಗಳನ್ನು ದಾಟಿ ಬಂದವಳು ಎಂದು ತಿಳಿದು ಓದಿದರೆ ಆ ಸಾಲಿನ ತೂಕವೇ ಬೇರೆ.

ಘೋಷಣೆಯಿಂದ ದೂರ ನಿಂತ ಇನ್ನೊಬ್ಬರನ್ನು ಹೆಸರಿಸಲೇಬೇಕು. ತಾಹಾ ಮುಹಮ್ಮದ್ ಅಲಿ, ಅಳಿದುಹೋದ ಸಫ್ಫೂರಿಯಾ ಹಳ್ಳಿಯವರು. ನಾಲ್ಕೇ ವರ್ಷ ಶಾಲೆ. ನಜರೆತ್‌ನಲ್ಲಿ ಪ್ರವಾಸಿಗರಿಗೆ ಸ್ಮರಣಿಕೆ ಮಾರುವ ಅಂಗಡಿ ಇಟ್ಟುಕೊಂಡಿದ್ದರು. ಅವರ ‘ಸೇಡು’ ಕವಿತೆಯಲ್ಲಿ ನಿರೂಪಕ ತನ್ನ ಅಪ್ಪನನ್ನು ಕೊಂದು ಮನೆ ಕೆಡವಿದವನ ಜೊತೆ ದ್ವಂದ್ವಯುದ್ಧ ಬಯಸುತ್ತಾನೆ. ಆದರೆ ಅವನಿಗಾಗಿ ಕಾಯುವ ತಾಯಿಯಿದ್ದರೆ, ಕಾಲು ಗಂಟೆ ತಡವಾದರೆ ಎದೆಯ ಮೇಲೆ ಕೈಯಿಟ್ಟುಕೊಳ್ಳುವ ತಂದೆಯಿದ್ದರೆ ಕೊಲ್ಲುವುದಿಲ್ಲ ಎನ್ನುತ್ತಾನೆ. ಕೊನೆಗೆ, ಅವನಿಗೆ ಯಾರೂ ಇಲ್ಲದಿದ್ದರೆ, ಮರದಿಂದ ಮುರಿದ ಕೊಂಬೆಯಂತೆ ಒಂಟಿಯಾಗಿದ್ದರೆ, ಬೀದಿಯಲ್ಲಿ ಕಂಡರೂ ಗಮನಿಸದೆ ಮುಂದೆ ಹೋಗುತ್ತೇನೆ, ಅಷ್ಟೇ ನನ್ನ ಸೇಡು ಎಂದು ನಿಲ್ಲಿಸುತ್ತಾನೆ. ಆಡುಮಾತಿಗೆ ಹತ್ತಿರದ, ಒಂದೂ ಏರುದನಿಯಿಲ್ಲದ ಸಾಲುಗಳು. ದ್ವೇಷಿಸಲು ಎಲ್ಲ ಕಾರಣಗಳಿದ್ದೂ ದ್ವೇಷದ ಭಾಷೆಯನ್ನು ಒಲ್ಲೆನೆನ್ನುವುದು ಕೂಡ ಪ್ರತಿರೋಧವೇ.

ಪದಗಳ ಮೇಲಿನ ಹೋರಾಟ ನ್ಯಾಯಾಲಯಕ್ಕೂ ಹೋಗಿದೆ. ನಜರೆತ್ ಬಳಿಯ ಕವಯಿತ್ರಿ ದಾರೀನ್ ತಾತೂರ್ ಅವರನ್ನು 2015ರ ಅಕ್ಟೋಬರಿನಲ್ಲಿ ಪೊಲೀಸರು ಬಂಧಿಸಿದರು. ಸಾಮಾಜಿಕ ಜಾಲತಾಣದಲ್ಲಿ ಹಾಕಿದ ‘ಎದುರಿಸು ನನ್ನ ಜನವೇ’ ಎಂಬ ಪದ್ಯ ಹಿಂಸೆಗೆ ಕರೆ ಕೊಡುತ್ತದೆ ಎಂಬುದು ಮುಖ್ಯ ಆರೋಪ. ವಿಚಾರಣೆಯ ಬಹುಭಾಗ ನಡೆದದ್ದು ಅನುವಾದದ ಬಗ್ಗೆ. ‘ಶಹೀದರ ಸಾಲನ್ನು ಹಿಂಬಾಲಿಸು’ ಎಂಬ ಮಾತಿನ ಅರ್ಥವೇನು? ‘ಶಹೀದ್’ ಪದದ ಧಾತು ಸಾಕ್ಷಿ ನುಡಿಯುವುದನ್ನು ಹೇಳುತ್ತದೆ. ಪ್ಯಾಲೆಸ್ಟೀನಿಯರು ದಾಳಿಕೋರನಿಗೂ ಅದನ್ನು ಬಳಸುತ್ತಾರೆ, ಮನೆಗೆ ಬೆಂಕಿ ಬಿದ್ದು ಸತ್ತ ಹಸುಗೂಸಿಗೂ ಬಳಸುತ್ತಾರೆ. ಪ್ರಾಸಿಕ್ಯೂಷನ್ ಮೊದಲನೆಯ ಅರ್ಥ ಹಿಡಿಯಿತು, ಪ್ರತಿವಾದಿಯ ಪರ ಬಂದ ಸಾಹಿತ್ಯ ಮತ್ತು ಅನುವಾದದ ತಜ್ಞರು ಕಾವ್ಯದ ಪರಂಪರೆಯನ್ನು ಮುಂದಿಟ್ಟರು. 2018ರಲ್ಲಿ ಐದು ತಿಂಗಳ ಶಿಕ್ಷೆಯಾಯಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಪದ್ಯಕ್ಕೆ ಸಂಬಂಧಿಸಿದ ಅಪರಾಧ ನಿರ್ಣಯವನ್ನು ರದ್ದು ಮಾಡಿತು, ಉಳಿದ ಬರಹಗಳದ್ದನ್ನು ಉಳಿಸಿತು. ಅಷ್ಟರಲ್ಲಿ ಆಕೆ ಜೈಲು ಮತ್ತು ದೀರ್ಘ ಗೃಹಬಂಧನ ಎರಡನ್ನೂ ಅನುಭವಿಸಿ ಆಗಿತ್ತು. ಒಂದು ಪದಕ್ಕೆ ನಿಘಂಟಿನಲ್ಲಿ ಎಷ್ಟು ಅರ್ಥಗಳಿವೆ ಎಂಬುದರ ಮೇಲೆ ಒಬ್ಬಳ ಸ್ವಾತಂತ್ರ್ಯ ನಿಂತಿತ್ತು.

2002ರಲ್ಲಿ ಪ್ಯಾಲೆಸ್ಟೀನಿನ ರಾಮಲ್ಲಾ ಪಟ್ಟಣ ಇಸ್ರೇಲಿ ಸೇನೆಯ ಮುತ್ತಿಗೆಯಲ್ಲಿದ್ದಾಗ ದರ್ವೀಶ್ ಬರೆದ ‘ಮುತ್ತಿಗೆಯ ಸ್ಥಿತಿ’ಯ ಆರಂಭದಲ್ಲಿ ಕೈದಿಗಳು, ಕೆಲಸವಿಲ್ಲದವರು ಮಾಡುವುದನ್ನೇ ನಾವೂ ಮಾಡುತ್ತೇವೆ ಎಂದು ಹೇಳಿ, ಅದೇನೆಂದು ತಿಳಿಸುತ್ತಾರೆ: ‘ನುರಬ್ಬಿಲ್ ಅಮಲ್’. ಆಸೆಯನ್ನು ಸಾಕುತ್ತೇವೆ. ‘ರಬ್ಬಾ’ ಎಂದರೆ ಮಗುವನ್ನು ಬೆಳೆಸುವುದು, ಕುರಿಕೋಳಿ ಸಾಕುವುದು. ನಮ್ಮ ‘ಸಾಕುವುದು’ ಅದಕ್ಕೆ ಸರಿಯಾಗಿ ಹೊಂದುತ್ತದೆ. ಆಸೆ ಇಲ್ಲಿ ಆಕಾಶದಲ್ಲಿ ಹೊಳೆಯುವ ನಕ್ಷತ್ರವಾಗಿಲ್ಲ. ದಿನಾ ಮೇವು ಹಾಕಬೇಕು, ನೀರು ತೋರಿಸಬೇಕು, ಕೆಲಸವಿಲ್ಲದವನಿಗೂ ಅದೊಂದು ಕೆಲಸ.

ಗಾಜಾದ ಹೊಸ ಕವಿಗಳಿಗೆ ಬಂದರೆ ರೂಪಕದ ನೆಲವೇ ಮತ್ತೆ ಅಲುಗಿದೆ. ‘ಎದೆ ಬಿರಿಯಿತು’, ‘ತಲೆಯ ಮೇಲೆ ಆಕಾಶ ಕಳಚಿಬಿತ್ತು’ ಎಂಬ ನುಡಿಗಟ್ಟುಗಳು ಅಲ್ಲಿ ಅಕ್ಷರಶಃ ನಡೆದ ಘಟನೆಗಳು. ಕವಯಿತ್ರಿ ಹಿಬಾ ಅಬು ನದಾ 2023ರ ಅಕ್ಟೋಬರ್ 20ರಂದು ಬಾಂಬ್ ದಾಳಿಯಲ್ಲಿ ತೀರಿಕೊಂಡರು. ಇಂಗ್ಲಿಷಿನಲ್ಲಿ ಬರೆಯುವ ಮೊಸಬ್ ಅಬು ತೋಹಾ ಒಂದು ಕವಿತೆಯಲ್ಲಿ ಕಿವಿಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಹೇಳುತ್ತಾರೆ: ನನ್ನ ಕಿವಿಯನ್ನು ಮೆಲ್ಲಗೆ ಮುಟ್ಟಿ, ಒಳಗೆಲ್ಲೋ ನನ್ನ ಅಮ್ಮನ ದನಿ ಇದೆ. ಅಲ್ಲೇ ಅರಬಿ ಹಾಡುಗಳೂ ಇವೆ, ಡ್ರೋನಿನ ಗುಂಯ್ಗುಡುವಿಕೆಯೂ ಇದೆ. ಕಿವಿ ಇಲ್ಲಿ ಯಾವುದಕ್ಕೂ ಉಪಮಾನವಲ್ಲ, ಊರೆಲ್ಲ ಪೆಟ್ಟುತಿಂದ ಮೇಲೆ ಉಳಿದಿರುವ ಜಾಗ ಅದೊಂದೇ.

ರಿಫಾತ್ ಅಲ್ ಅರೀರ್ ಗಾಜಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದರು. 2023ರ ಡಿಸೆಂಬರ್ 6ರಂದು ವಾಯುದಾಳಿಯಲ್ಲಿ ಕೊಲ್ಲಲ್ಪಟ್ಟರು. ನಾನು ಸಾಯಲೇಬೇಕಾದರೆ ನೀನು ಬದುಕಬೇಕು, ನನ್ನ ಕತೆ ಹೇಳಬೇಕು ಎಂದು ಆರಂಭವಾಗುವ ಅವರ ಇಂಗ್ಲಿಷ್ ಪದ್ಯ ಆಮೇಲೆ ಲೋಕವನ್ನೆಲ್ಲ ಸುತ್ತಿತು. ಅದನ್ನು ಓದುವಾಗ ಅದು ಎಷ್ಟು ಸರಳವಾದ ಕೆಲಸದ ಪಟ್ಟಿ ಎಂಬುದನ್ನು ಗಮನಿಸಬೇಕು. ನನ್ನ ವಸ್ತುಗಳನ್ನು ಮಾರು, ಒಂದು ತುಂಡು ಬಟ್ಟೆ ಕೊಳ್ಳು, ಸ್ವಲ್ಪ ದಾರ ಕೊಳ್ಳು, ಗಾಳಿಪಟ ಮಾಡು. ಆವರಣದೊಳಗೆ ಒಂದು ಸೂಚನೆ, ಬಿಳಿಯದಾಗಿರಲಿ, ಉದ್ದ ಬಾಲವಿರಲಿ. ಗಾಜಾದ ಯಾವುದೋ ಮಗು, ಬೆಂಕಿಯಲ್ಲಿ ಹೋದ ಅಪ್ಪನಿಗಾಗಿ ಮೇಲೆ ನೋಡುತ್ತಾ ನಿಂತಿರುವಾಗ, ಆ ಪಟ ಕಂಡು ದೇವತೆಯೊಬ್ಬಳು ಬಂದಳೆಂದು ಒಂದು ಗಳಿಗೆ ಅಂದುಕೊಳ್ಳಲಿ.

ಇಂಗ್ಲಿಷಿನಲ್ಲಿ ಬಾಲಕ್ಕೂ ಕತೆಗೂ ಒಂದೇ ಉಚ್ಚಾರ. ಪಟದ ಉದ್ದ ಬಾಲ ಪದ್ಯದ ಕೊನೆಯ ಪದಕ್ಕೆ ಬರುವಷ್ಟರಲ್ಲಿ ಕತೆಯಾಗಿಬಿಡುತ್ತದೆ. ಕನ್ನಡದಲ್ಲಿ ಅದಕ್ಕೆ ಬಾಲಂಗೋಚಿ ಎಂಬ ಅಚ್ಚುಕಟ್ಟಾದ ಪದವಿದೆ. ಆದರೆ ಕತೆಯಾಗಿ ಮಾರ್ಪಡುವ ಆ ಶ್ಲೇಷ ಬರುವುದಿಲ್ಲ. ಅನುವಾದಿಸುವವರು ಬಾಲಂಗೋಚಿಯನ್ನಾದರೂ ಸಾಕಷ್ಟು ಉದ್ದ ಬಿಡಬೇಕು.